ಆಸ್ಪತ್ರೆಯವರು ಕೇಳಿದರೆ ಹೂಂ ಅನ್ನಿ

ರೀ,

ಹಾಲು ಕಾಯಿಸಿಟ್ಟು ಹೊಲಿಗೆ ಅಂಗಡಿಗೆ ಹೊರಟಿದ್ದೇನೆ. ಆಸ್ಪತ್ರೆಯಿಂದ ಫೋನ್ ಬಂದರೆ ಮೊನ್ನೆಯ ಹಾಗೆ ‘ಯೋಚಿಸಿ ಹೇಳ್ತೀವಿ’ ಅಂತ ರಾಗ ಎಳೆಯಬೇಡಿ. ಆಪರೇಷನ್‌ಗೆ ನಾನು ಒಪ್ಪಿದ್ದೇನೆ ಅನ್ನಿ.

ನನ್ನ ಕರುಳಿನಿಂದ ಲಿವರ್‌ಗೆ ಹಬ್ಬಿದ್ದ ಗಂಟುಗಳು ಕೀಮೋದಿಂದ ಕುಗ್ಗಿವೆ, ಈಗ ಕತ್ತರಿಸಿ ತೆಗೆಯಬಹುದು ಅಂದರಲ್ಲ. ಚಿತ್ರ ಬರೆದು ತೋರಿಸುವಾಗ ಆ ಡಾಕ್ಟರು, ತೆಗೆಯುವ ಭಾಗಕ್ಕಿಂತ ಮೊದಲು ಉಳಿಯುವ ಭಾಗಕ್ಕೆ ಗೆರೆ ಎಳೆದರು. ನಾನೂ ಬಟ್ಟೆಗೆ ಕತ್ತರಿ ಇಡುವುದು ಹಾಗೇ. ನನಗೆ ಅಷ್ಟೇ ಸಾಕಾಯಿತು. ಗ್ಯಾರಂಟಿ ಇಲ್ಲ ಅಂದದ್ದೂ ಕೇಳಿಸಿದೆ, ನೀವು ಮತ್ತೆ ಹೇಳಬೇಕಿಲ್ಲ.

ಮನೆಯ ಮಿಷನ್ ಮೇಲೆ ನಿಮ್ಮ ಹೊಸ ಅಂಗಿ ಇದೆ. ಒಂದು ತೋಳು ಬೇಕಂತಲೇ ಹಚ್ಚಿಲ್ಲ. ಆಪರೇಷನ್ ಮುಗಿಸಿ ಬಂದು ನಾನೇ ಹಚ್ಚುತ್ತೇನೆ. ಅಷ್ಟರಲ್ಲಿ ಬೇರೆ ದರ್ಜಿ ಹತ್ತಿರ ಒಯ್ದಿರೋ, ನೋಡಿ ಮತ್ತೆ!