ಗಂಟಿಲ್ಲದ ನೂಲು

ಫೆಬ್ರವರಿ ೯, ಭಾನುವಾರ. ಬದನವಾಳು.

ಕತೆ ಬರೆಯೋದನ್ನ ಕ್ಲಾಸಲ್ಲಿ ಕಲಿಸೋಕಾಗುತ್ತಾ ಅಂತ ಆರು ವಾರದಿಂದ ತಲೆ ಕೆಡಿಸ್ಕೊಂಡಿದ್ದೆ. ಖಾದಿ ನೂಲೋ ಅವ್ವನ ಮೇಲೆ ನಾನು ಬರೆದ ಕತೇಲಿ, ನೂಲು ಕಿತ್ತೋದಾಗ ಅವಳು ಗಂಟು ಹಾಕ್ತಾಳೆ ಅಂತಿತ್ತು. ಬೆಳಿಗ್ಗೆ ಮೈಸೂರಿನ ಕತೆ ಕ್ಲಾಸಲ್ಲಿ ನಮಗೆ ಕಲಿಸೋ ಮೈತ್ರೇಯಿ ಮೇಡಂ, "ನೋಡಿ ಬರೆದ್ಯಾ ರಂಜಿನಿ, ಅಂದಾಜಲ್ಲಿ ಬರೆದ್ಯಾ?" ಅಂದ್ರು. ಮೈಯೆಲ್ಲ ಉರೀತು. ನಾನು ಅವಳ ಮಗಳು!

ಸಂಜೆ ಚರಕದ ಪಕ್ಕ ಕೂತು ನೋಡಿದೆ. ಗಂಟೇ ಇಲ್ಲ. ಅವ್ವ ಕಿತ್ತ ತುದೀನ ಕೈಲಿದ್ದ ಹತ್ತಿ ಸುರುಳಿಗೆ, ಹಂಜಿಗೆ, ತಾಗಿಸಿ ಚರಕ ತಿರುಗಿಸಿದ್ಲು, ಕೂಡ್ಕೊಂತು. ಕತೇನ ತಿದ್ದಿ ಅವ್ವನಿಗೆ ಓದಿ ಹೇಳಿದೆ. ಅಕ್ಷರ ಬಾರದ ಅವ್ವ ಚರಕ ನಿಲ್ಲಿಸಿ, "ಇದು ನಾನೇ ಕಣವ್ವ. ಇನ್ನೊಂದ್ಸಲ ಓದು" ಅಂದ್ಲು.

ಗೆದ್ದೆ! ಇಪ್ಪತ್ತಾರು ವರ್ಷ ಕಣ್ಣೆದುರೇ ಇದ್ರೂ ನೋಡದೇ ಇದ್ದ ಅವ್ವನ ಕೈಗಳನ್ನ ಆ ಕ್ಲಾಸು ನೋಡಿಸ್ತು. ಮೂರು ಸಲ ಓದಿದ್ದಾಯ್ತು. ಅಗೋ, ಓದು ಅಂತ ಅವ್ವ ಮತ್ತೆ ಕೂಗ್ತಿದ್ದಾಳೆ.