ಅಳುವಿಗೆ ತಲೆದೂಗಿದವನು

ಯಾಡೀ,

ನಮ್ಮ ಲಂಬಾಣಿ ಮಾತಿಗೆ ಅಕ್ಷರವಿಲ್ಲವಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀನು ಬದುಕಿದ್ದರೂ ನಾನೇ ಓದಿ ಹೇಳಬೇಕಿತ್ತು ಬಿಡು. ಆದರೆ ಯಾಡೀ ಅನ್ನದೆ ಅವ್ವ ಎಂದು ಕರೆದರೆ ನೀನು ಓಗೊಡುವವಳಲ್ಲ.

ನೆನಪಿದೆಯಾ, ತಾಂಡಾದಿಂದ ಆ ದೊಡ್ಡ ದವಾಖಾನೆಗೆ ಟೆಂಪೋದಲ್ಲಿ ನಿನ್ನನ್ನು ಮಲಗಿಸಿಕೊಂಡು ಹೋದದ್ದು? ಹೊಟ್ಟೆಯ ಗಡ್ಡೆ ಕೈಮೀರಿದೆ, ಇನ್ನು ನೋವು ಕಡಿಮೆ ಮಾಡುವುದಷ್ಟೇ ಉಳಿದಿದೆ ಅಂದರು. ಸರಿ, ಅದನ್ನಾದರೂ ಮಾಡಬೇಕಲ್ಲ? ಪಕ್ಕದ ಮಂಚದ ಗೌಡ್ತಿಗೂ ನಿನ್ನದೇ ಬೇನೆ. ಆಕೆ ಸಣ್ಣಗೆ ನರಳಿದರೆ ಸಾಕು, ಸಿಸ್ಟರ್ ಸೂಜಿ ಹಿಡಿದು ಓಡಿ ಬರುತ್ತಿದ್ದಳು. ಬರಲಿ, ಆಕೆಯ ನೋವೂ ನೋವೇ. ನಿನಗೆ ಮಾತ್ರ ಬರೀ ಗುಳಿಗೆ. ತಾಂಡಾದ ಹೆಂಗಸರದು ಕಲ್ಲು ಹೊತ್ತ ಮೈ, ತಡೆಯುತ್ತದೆ ಅಂತ ಆ ಡಾಕ್ಟರ ಮಹಾಶಯನ ತೀರ್ಮಾನ. ಎಲ್ಲಿ ಓದಿದ್ದನೋ ಆ ವಿದ್ಯೆ!

ಕೊನೆಗೆ ತಡೆಯಲಾರದೆ ನೀನು ಅಳತೊಡಗಿದೆ. ನಾವು ಅಳುವುದೇ ಹಾಗಲ್ಲವಾ? ಮದುಮಗಳು ತವರು ಬಿಡುವಾಗ, ಮನೆಯಲ್ಲಿ ಸಾವಾದಾಗ, ಸಂಕಟವನ್ನೆಲ್ಲ ನಮ್ಮ ಮಾತಿನಲ್ಲಿ ಹೇಳಿಕೊಂಡು ರಾಗವೆಳೆದು ಅಳುತ್ತೇವೆ. ಆ ಡಾಕ್ಟರ ಬಾಗಿಲಲ್ಲಿ ನಿಂತು ತಲೆದೂಗಿದ.

"ಮುದುಕಿ ಹಾಡಾಕತ್ತಾಳ. ಇಕಿಗೆಲ್ಲಿ ಬ್ಯಾನಿ?"

"ಅಳಾಕತ್ತಾಳ್ರಿ ಸಾಹೇಬ್ರ, ಸೂಜಿ ಮಾಡ್ರಿ" ಎಂದು ಕಾಲಿಗೆ ಬಿದ್ದೆ.

"ಅಳೋರು ಹಿಂಗ ರಾಗಾ ಎಳೀತಾರೇನ ಹುಚ್ಚಿ?" ಅಂದು ನಗುತ್ತ ಹೋದ. ಮರುದಿನ ನಿನ್ನ ದನಿ ಹೋಯಿತು. ಆಮೇಲೆ ನೀನೂ...

ಈಗ ಸುದ್ದಿ ಕೇಳು. ನಾನು ಮುದ್ದೇಬಿಹಾಳದಲ್ಲಿ ಟೀಚರ್ ಆಗಿದ್ದೇನೆ. ಮೊನ್ನೆ ನಮ್ಮ ಶಾಲೆಯ ಗ್ಯಾದರಿಂಗಿಗೆ ಮುಖ್ಯ ಅತಿಥಿಯಾಗಿ ಬಂದವನು ಅವನೇ. ನಿವೃತ್ತನಾಗಿದ್ದಾನೆ. ಕೊರಳಲ್ಲಿ ಹಾರ, ಎದೆಯ ಕಿಸೆಯಲ್ಲಿ ಹೊಸ ಮೊಬೈಲು, ತಲೆಯೊಳಗೆ ಅದೇ ಹಳೆಯ ವಿದ್ಯೆ. ತಾಂಡಾದ ಹುಡುಗಿಯರ ಕುಣಿತ ನೋಡಿ ಖುಷಿಯಾಗಿ ಭಾಷಣ ಹೊಡೆದ. ಅವನ ವಾರ್ಡಿನಲ್ಲಿ ಒಬ್ಬ ಲಂಬಾಣಿ ಮುದುಕಿ ಸಾಯುವಾಗಲೂ ಹಾಡುತ್ತಿದ್ದಳಂತೆ. ಈ ಜನಕ್ಕೆ ಸಾವೂ ಹಬ್ಬವಂತೆ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಥೂ!

ವಂದನಾರ್ಪಣೆ ನನ್ನದಿತ್ತು. ಮೈಕು ಹಿಡಿದು, ನೀನು ಅತ್ತ ಹಾಗೇ ಅತ್ತೆ, ಅವೇ ಮಾತು, ಅದೇ ರಾಗ. ಅವನು ಕಣ್ಣು ಮುಚ್ಚಿ ಮತ್ತೆ ತಲೆದೂಗುತ್ತಿದ್ದ. ಮುಗಿಸಿ ಅವನ ಕಡೆ ತಿರುಗಿದೆ.

"ಆ ಮುದುಕಿ ನಮ್ಮವ್ವರಿ ಸಾಹೇಬ್ರ. ಇದರ ಅರ್ಥ ಕೇಳ್ರಿ: ಬಿಳಿ ಕೋಟಿನ ಅಣ್ಣಾ, ಗೌಡ್ತಿಗೆ ಮಾಡಿದ ಸೂಜಿ ನನಗೂ ಒಂದು ಮಾಡೋ."

ತಲೆದೂಗುವುದು ನಿಂತಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ನೀನು ಹೇಳಿದ್ದನ್ನು ಅವನಿಗೆ ಮುಟ್ಟಿಸಿದ್ದೇನೆ, ಯಾಡೀ.

ನಿನ್ನ ಮಗಳು