ಬಾಣ ಎಲ್ಲಿಂದ ಹೊರಡುತ್ತದೆ

ಫೋರ್ಟ್ ಪೋರ್ಟಲ್
ಜೂನ್ ೧೪, ೨೦೦೯

ಪ್ರೀತಿಯ ಅತ್ವೋಕಿ,

ಕ್ಷೇಮವೇ? ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಜೂನ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈದುಕೊ, ಆದರೆ ಪೂರ್ತಿ ಓದು. ಅಮ್ಮ ಹೋದ ಮೇಲೆ ಮನೆಯಲ್ಲಿ ಮಾತೇ ಇಲ್ಲ. ಒಬ್ಬಳಿಗೆಂದು ರಾಗಿ ಗಂಜಿ ಕಾಯಿಸಲು ಬೇಸರವಾಗಿ ಎಷ್ಟೋ ದಿನ ಶಾಲೆಯ ಚಹಾದಲ್ಲೇ ಕಳೆಯುತ್ತೇನೆ.

ಒಂದು ಸುದ್ದಿ ಇದೆ. ಕೇಳುವವರು ಇಲ್ಲಿ ಯಾರೂ ಇಲ್ಲ. ಕಳೆದ ತಿಂಗಳು ಕಾರ್ಬಾಕ್ಸಿಲಿಕ್ ಆಮ್ಲ ತಯಾರಿಸುವ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಮೆಗ್ನೀಷಿಯಂ ಹಿಡಿದ ಕಾರ್ಬನ್, ಪಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್, ನಡುವೆ ಎಲೆಕ್ಟ್ರಾನುಗಳು ಹೋಗುವ ದಿಕ್ಕು ತೋರಿಸುವ ಬಾಣಗಳು. ಕಬಹೂಮ ಎಂಬ ಹುಡುಗಿ ಎದ್ದು ನಿಂತಳು.

"ಮೇಡಂ, ಬಾಣ ಇಲ್ಲಿಂದ್ಲೇ ಯಾಕೆ ಹೊರಡ್ಬೇಕು? ಆ ಕಡೆಯಿಂದ ಬಂದ್ರೆ ಏನಾಗುತ್ತೆ?"

"ಪರೀಕ್ಷೇಲಿ ಹಿಂಗೇ ಬರಿ, ಮಾರ್ಕ್ಸ್ ಬರುತ್ತೆ," ಅಂದೆ.

"ಮಾರ್ಕ್ಸ್ ಬರುತ್ತೆ ಮೇಡಂ, ಅರ್ಥ ಆಗಲ್ಲ."

ತರಗತಿ ನಕ್ಕಿತು, ನಾನೂ ನಕ್ಕೆ. ಇಪ್ಪತ್ತೆರಡು ವರ್ಷ ಆ ಬಾಣಗಳನ್ನು ಗೀಚಿದವಳಿಗೆ ಉತ್ತರ ಗೊತ್ತಿರಲಿಲ್ಲ.

ಮೂರು ವಾರ ಹಳೆಯ ಪುಸ್ತಕ ಹಿಡಿದು ಕೂತೆ. ಒಂದು ಭಾನುವಾರ ಇಗರ್ಜಿಯಿಂದ ಬಂದು, ಬಟ್ಟೆಯನ್ನೂ ಬದಲಿಸದೆ ಬರೆಯುತ್ತಿದ್ದಾಗ ಹೊಳೆಯಿತು. ಮೆಗ್ನೀಷಿಯಂ ತನ್ನ ಎಲೆಕ್ಟ್ರಾನುಗಳನ್ನು ಆ ಕಾರ್ಬನ್ನಿಗೆ ಬಿಟ್ಟುಕೊಟ್ಟಿರುತ್ತದೆ. ಡೈಆಕ್ಸೈಡಿನ ಕಾರ್ಬನ್ನನ್ನೋ ಎರಡು ಕಡೆಯಿಂದ ಆಕ್ಸಿಜನ್ ಎಳೆದು ಬರಿದು ಮಾಡಿರುತ್ತದೆ. ಇದ್ದಲ್ಲಿಂದ ಇಲ್ಲದಲ್ಲಿಗೆ ಹರಿಯುತ್ತದೆ, ಅಷ್ಟೆ. ಹೊಸ ಬಂಧ ಕೂಡುತ್ತಲೇ ಆಕ್ಸಿಜನ್‌ನ ಒಂದು ಬಂಧ ಬಿಚ್ಚಿ, ಆ ಬಂಧದ ಎಲೆಕ್ಟ್ರಾನ್ ಜೋಡಿ ಆಕ್ಸಿಜನ್ ಮೇಲೆ ಕೂರುತ್ತದೆ. ಕೊನೆಗೆ ಆಮ್ಲ ಹನಿಸಿದರೆ ಹೈಡ್ರೋಜನ್ ಬಂದು ಸೇರುತ್ತದೆ. ಯಾರಿಗಾದರೂ ಹೇಳಬೇಕೆಂದು ಬಾಗಿಲ ತನಕ ಓಡಿದೆ. ಅಂಗಳದಲ್ಲಿ ಪಕ್ಕದ ಮನೆಯ ಮೇಕೆಯೊಂದೇ ಇತ್ತು.

ಮರುದಿನ ಕಬಹೂಮಳಿಗೆ ಹೇಳಿದೆ. "ಹಾಗಾದ್ರೆ ಬಾಯಿಪಾಠ ಬೇಕಾಗೇ ಇಲ್ವಲ್ಲ ಮೇಡಂ," ಅಂದಳು, ನಾನೇ ಇಷ್ಟು ದಿನ ಅವಳಿಂದ ಮುಚ್ಚಿಟ್ಟಿದ್ದೆ ಅನ್ನುವ ಹಾಗೆ.

ನಿನ್ನ ಮಕ್ಕಳು ಚೆನ್ನಾಗಿರಲಿ. ನಿನ್ನ ಹೊಲಿಗೆ ಅಂಗಡಿಗೆ ದೇವರು ಕೈತುಂಬ ಕೆಲಸ ಕೊಡಲಿ.

ನಿನ್ನ,
ಅಬ್ವೋಲಿ

ಮತ್ತೆ: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಾಲೇಜಿನ ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಿನ್ನ ಹಾಳೆ ನೋಡಿ ಬಾಣಗಳನ್ನು ಇಳಿಸಿಕೊಂಡವಳು ನಾನು. ಎರಡು ಹಾಳೆಯೂ ಒಂದೇ ಥರ ಇದ್ದದ್ದು ಕಂಡು, ಕದ್ದವರು ಯಾರು ಎಂದು ಮೇಷ್ಟ್ರು ಕೇಳಿದಾಗ "ನಾನಲ್ಲ ಸಾರ್" ಅಂದೆ. ನೀನು ಬಾಯಿ ಬಿಡಲಿಲ್ಲ. ನಿನ್ನನ್ನೇ ಕಾಲೇಜಿನಿಂದ ಹೊರಗೆ ಹಾಕಿದರು. ನಿನ್ನೆ ನನ್ನ ಹೆಸರು ಹಾಕಿ, ನಡೆದದ್ದನ್ನೆಲ್ಲ ಬರೆದು ಕಾಲೇಜಿಗೆ ಕಳಿಸಿದೆ. ಆವತ್ತು ನೀನು ಒಮ್ಮೆ ನನ್ನ ಕಡೆ ತಿರುಗಿ ನೋಡಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ನೀನು ನೋಡಿದ್ದೆ, ಅತ್ವೋಕಿ.